ನಾನು ಬರೆದ ಒಂದು ಸಾಲು ಮತ್ತು ವಿಜಯವಾಡದ ಸೀಸೆಗಳು

ದುವ್ವಾಡ

ವಿಶಾಖಪಟ್ಟಣಕ್ಕೆ ಹೋಗಬೇಕಾದವಳು ಒಂದು ನಿಲ್ದಾಣ ಮೊದಲೇ ಇಳಿದುಬಿಟ್ಟೆ. ಎದುರು ಸೀಟಿನ ಹೆಂಗಸು ಚೀಲ ಎತ್ತಿಕೊಂಡು ನನ್ನ ಕಡೆ ನೋಡಿ "ವಚ್ಚೇಸಿಂದಿ" ಎಂದರು. ಬಂದೇಬಿಟ್ಟಿತು ಅಂದದ್ದು ಅರ್ಥವಾಯಿತು. ಏನು ಬಂತು ಎಂದು ಕೇಳುವ ಗೋಜಿಗೆ ಹೋಗದೆ ಅವರ ಹಿಂದೆಯೇ ಇಳಿದೆ. ರೈಲು ಹೊರಟ ಮೇಲೆ ತಿಳಿಯಿತು, ಬಂದದ್ದು ಅವರ ಊರು, ನನ್ನದಲ್ಲ.

ನನ್ನನ್ನು ಕರೆದುಕೊಂಡು ಹೋಗಲು ದೊಡ್ಡ ನಿಲ್ದಾಣದಲ್ಲಿ ಕಾಯುತ್ತಿದ್ದವಳು ಗಿರಿಜಾ. ಧಾರವಾಡದಲ್ಲಿ ಓದುವಾಗ ಹಾಸ್ಟೆಲಿನಲ್ಲಿ ಒಂದೇ ಕೋಣೆಯಲ್ಲಿದ್ದವಳು, ಈಗ ಬ್ಯಾಂಕ್ ಅಧಿಕಾರಿ, ವರ್ಗವಾಗಿ ಇಲ್ಲಿಗೆ ಬಂದು ಮೂರು ವರ್ಷ. ಫೋನಿನಲ್ಲಿ ಅವಳ ನಗು ಮುಗಿಯಲು ಬಹಳ ಹೊತ್ತು ಹಿಡಿಯಿತು. "ಅಲ್ಲೇ ಕುಂದ್ರು, ಅಲ್ಲಾಡಬ್ಯಾಡ. ನಾ ಬರ್ತೀನಿ," ಎಂದಳು.

ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತು ಕಾಯುವಾಗ, ಕರ್ನಾಟಕದ ಗಡಿ ದಾಟಿ ನಾನು ಒಬ್ಬಳೇ ಇಷ್ಟು ದೂರ ಬಂದದ್ದು ಇದೇ ಮೊದಲು ಎಂಬುದು ನೆನಪಾಯಿತು. ಪಾಸ್‌ಪೋರ್ಟ್ ಬೇಕಿಲ್ಲದಿದ್ದರೂ, ಸುತ್ತಲಿನ ಮಾತು ಅರ್ಧ ಅರ್ಥವಾಗಿ ಅರ್ಧ ಅರ್ಥವಾಗದಿದ್ದರೆ ಅದು ಪರದೇಶವೇ.

ಬಂದ ಕಾರಣ ಹೇಳಬೇಕು. ಮೈಸೂರಿನ ಒಂದು ಸಣ್ಣ ಪ್ರಯೋಗಾಲಯದಲ್ಲಿ ನನ್ನ ಕೆಲಸ. ಬೇರೆಯವರು ಕಳಿಸಿದ ಪ್ರೋಟೀನುಗಳು ಸರಿಯಾದ ಆಕಾರದಲ್ಲಿವೆಯೇ ಎಂದು ಅಳೆದು ವರದಿ ಬರೆಯುತ್ತೇನೆ. ಕೆಲವು ಲಸಿಕೆಗಳಲ್ಲಿ ಇಡೀ ರೋಗಾಣು ಇರುವುದಿಲ್ಲ, ಅದರ ಒಂದು ಪ್ರೋಟೀನು ಮಾತ್ರ ಇರುತ್ತದೆ. ಅದನ್ನು ಬರಿದೇ ಚುಚ್ಚಿದರೆ ಮೈ ಅಷ್ಟಾಗಿ ಗಮನ ಕೊಡುವುದಿಲ್ಲ. ಆದ್ದರಿಂದ ಅಲ್ಯೂಮಿನಿಯಂನ ಒಂದು ಜೆಲ್ ಬೆರೆಸುತ್ತಾರೆ. ಸೀಸೆಯಲ್ಲಿ ನೋಡಿದರೆ ತೆಳು ಮಜ್ಜಿಗೆಯಂತೆ ಕಾಣುತ್ತದೆ. ಪ್ರೋಟೀನು ಆ ಬಿಳಿ ಕಣಗಳಿಗೆ ಅಂಟಿಕೊಂಡು ಒಳಗೆ ಹೋದಾಗ ಮೈ ತಿರುಗಿ ನೋಡುತ್ತದೆ, ಅದರ ಗುರುತು ಇಟ್ಟುಕೊಳ್ಳುತ್ತದೆ. ಕ್ಷೌರದಂಗಡಿಯಲ್ಲಿ ಕೆನ್ನೆಗೆ ಉಜ್ಜುವ ಪಟಿಕ ಇದೇ ಬಳಗದ್ದು.

ಅಚ್ಯುತಾಪುರಂನ ಒಂದು ಕಂಪನಿ ಹೀಗೊಂದು ಲಸಿಕೆ ಮಾಡುತ್ತಿತ್ತು. ಇನ್ನೂ ಯಾರಿಗೂ ಕೊಟ್ಟಿರದ, ಪರೀಕ್ಷೆಯ ಹಂತದ ಲಸಿಕೆ. ಎರಡು ವರ್ಷದ ಹಿಂದೆ ಅವರ ಪ್ರೋಟೀನು ಜೆಲ್‌ಗೆ ಹೇಗೆ ಅಂಟುತ್ತದೆಂದು ಅಳೆದುಕೊಟ್ಟವಳು ನಾನೇ. ಈಗ ಎರಡು ವರ್ಷ ತಂಪಿನಲ್ಲಿಟ್ಟ ಸೀಸೆಗಳನ್ನು ತೆರೆದು ನೋಡಿದರೆ ಪ್ರೋಟೀನು ಕೆಟ್ಟಿತ್ತು. ಆ ಸೀಸೆಗಳಿದ್ದದ್ದು ವಿಜಯವಾಡದ ಬಳಿಯ ಒಂದು ಕೋಲ್ಡ್ ಸ್ಟೋರೇಜಿನಲ್ಲಿ. ಅಲ್ಲಿ ಯಾರದೋ ಅಜಾಗರೂಕತೆಯಿಂದ ಹೆಪ್ಪುಗಟ್ಟಿರಬೇಕು, ಬಂದು ನೋಡಿ ಒಂದು ಅಭಿಪ್ರಾಯ ಕೊಡಿ ಎಂದು ಕರೆದಿದ್ದರು. ಈ ಜೆಲ್ ಒಮ್ಮೆ ಹೆಪ್ಪುಗಟ್ಟಿದರೆ ಮುಗಿಯಿತು. ಕಣಗಳು ಒಂದಕ್ಕೊಂದು ಕಚ್ಚಿಕೊಂಡು ಗಂಟಾಗುತ್ತವೆ, ಕರಗಿಸಿದರೂ ಮೊದಲಿನಂತಾಗುವುದಿಲ್ಲ. ಆದ್ದರಿಂದ ಅವರ ಊಹೆ ನನಗೂ ಸರಿಯೆನಿಸಿತ್ತು. ಒಪ್ಪಲು ಹಿತವಾಗಿಯೂ ಇತ್ತು.

ಋಷಿಕೊಂಡ

ಗಿರಿಜಾಳ ಮನೆ ಋಷಿಕೊಂಡದಲ್ಲಿ, ಸಮುದ್ರ ಕಾಣುವಷ್ಟು ಹತ್ತಿರ. ಗುಡ್ಡದ ಮೇಲೆ ಗಾಜಿನ ಆಫೀಸುಗಳು, ಕೆಳಗೆ ಮರಳಿನಲ್ಲಿ ಬಲೆ ಕೊಡವುವ ಮೀನುಗಾರರು. ಸಂಜೆ ದಂಡೆಯಲ್ಲಿ ನಿಂತು ಮುರಿ ಮಿಕ್ಸ್ಚರ್ ತಿಂದೆವು. ನಮ್ಮ ಚುರುಮುರಿಯೇ, ಆದರೆ ಖಾರ ಹಾಕುವ ಕೈಗೆ ಕರುಣೆಯಿಲ್ಲ. ನನ್ನ ಕಣ್ಣಲ್ಲಿ ನೀರು ನೋಡಿ ಮಾರುವವರು ಇನ್ನಷ್ಟು ಈರುಳ್ಳಿ ಹಾಕಿಕೊಟ್ಟರು, ಅದೇ ಔಷಧಿ ಎಂಬಂತೆ.

ಅಷ್ಟರಲ್ಲಿ ಗಿರಿಜಾಳ ಅಮ್ಮ ಧಾರವಾಡದಿಂದ ಫೋನು ಮಾಡಿದರು. ಇವಳು ಮಾತು ಮುಗಿಸುವಾಗ, ತೆಲುಗರು ಗೌರವಕ್ಕೆ ಸೇರಿಸುವ 'ಅಂಡಿ' ಹಚ್ಚಿ, "ಆಯ್ತಂಡಿ" ಎಂದಳು. ಅವರು ಜೋರಾಗಿ ಕೇಳಿದ್ದು ನನಗೂ ಕೇಳಿಸಿತು: "ಯಾರ್ ಜೋಡಿ ಮಾತಾಡಾಕತ್ತಿ ನೀ, ನಾ ನಿಮ್ಮವ್ವ!"

"ದಿನಾ ಕೌಂಟರಿನ್ಯಾಗ ಅಂಡಿ ಅಂಡಿ ಅಂದೂ ಅಂದೂ ನಾಲಿಗಿಗೆ ಹತ್ತೇತಿ," ಎಂದು ಗಿರಿಜಾ ನನ್ನ ಕಡೆ ತಿರುಗಿ ಸಮಜಾಯಿಷಿ ಕೊಟ್ಟಳು.

ಅಚ್ಯುತಾಪುರಂ

ಮಾರನೆಯ ಬೆಳಿಗ್ಗೆ ಕಂಪನಿಯ ಕಾರು ಬಂತು. ಅಚ್ಯುತಾಪುರಂ ಹತ್ತಿರವಾದಂತೆ ರಸ್ತೆಯಲ್ಲಿ ಕಾರ್ಖಾನೆಗಳ ಬಸ್ಸುಗಳದೇ ಸಾಲು. ಲಸಿಕೆ ತುಂಬುವ ಕೋಣೆಗೆ ಹೋಗುವ ಬಾಗಿಲ ಹೊರಗೆ ಗೋಡೆಯುದ್ದಕ್ಕೂ ಮೊಳೆಗಳು, ಮೊಳೆಗಳ ಮೇಲೆ ಮಲ್ಲಿಗೆ, ಕನಕಾಂಬರದ ದಂಡೆಗಳು. ಒಳಗೆ ಹೂ ಮುಡಿದು ಹೋಗುವಂತಿಲ್ಲ. ಕೆಲಸದ ಹೆಂಗಸರು ಬೆಳಿಗ್ಗೆ ಬಿಚ್ಚಿಟ್ಟು ಸಂಜೆ ಅದೇ ದಂಡೆಯನ್ನು ಹುಡುಕಿ ಮುಡಿದು ಹೋಗುತ್ತಾರಂತೆ. ಹೆಸರು ಬರೆಯದೆಯೂ ಯಾರದು ಯಾವುದೆಂದು ತಪ್ಪುವುದಿಲ್ಲವಂತೆ.

ನನ್ನನ್ನು ಕರೆಸಿದ್ದ ಗುಣಮಟ್ಟ ವಿಭಾಗದ ಮುಖ್ಯಸ್ಥರು ಪ್ರಸಾದ್. ಐವತ್ತು ದಾಟಿದ, ಮೃದು ಮಾತಿನ ಮನುಷ್ಯ. ನಾನು ಕುಳಿತು ನೀರು ಕುಡಿಯುವ ಮೊದಲೇ ಫೈಲು ಮುಂದಿಟ್ಟರು.

"ಮೇಡಂ ಗಾರು, ಇಲ್ಲಿ ಗೊಂದಲ ಏನಿಲ್ಲ," ಎಂದು ಇಂಗ್ಲಿಷಿನಲ್ಲಿ ಶುರುಮಾಡಿದರು. "ನಮ್ಮಲ್ಲಿದ್ದ ಸೀಸೆಗಳು ತುಫಾನಿನಲ್ಲಿ ಕರೆಂಟು ಹೋಗಿ ಹಾಳಾದವು. ಹಾಗಾಗಬಹುದೆಂದೇ ಇನ್ನೊಂದು ಪಾಲನ್ನು ವಿಜಯವಾಡದಲ್ಲಿ ಇಟ್ಟಿದ್ದೆವು. ಅಲ್ಲಿನ ತಾಪಮಾನದ ದಾಖಲೆಯಲ್ಲಿ ಒಂದು ಮಧ್ಯಾಹ್ನ ಪೂರ್ತಿ ಖಾಲಿ ಇದೆ. ಯಂತ್ರದ ಬ್ಯಾಟರಿ ಮುಗಿದಿತ್ತಂತೆ. ಆವತ್ತೇ ಹೆಪ್ಪುಗಟ್ಟಿದೆ. ನೋಡಿಕೊಳ್ಳುತ್ತಿದ್ದ ಆಳನ್ನು ಸದ್ಯಕ್ಕೆ ಬರಬೇಡ ಅಂದಿದ್ದಾರೆ. ನೀವು ಓದಿ ಸಹಿ ಮಾಡಿದರೆ ಸಾಕು."

"ಸೀಸೆಗಳು ಎಲ್ಲಿ?"

"ಇಲ್ಲಿಗೆ ತರಿಸಿದ್ದನ್ನು ಪರೀಕ್ಷೆಗೆ ಒಡೆದು ಮುಗಿಸಿದ್ದೇವೆ. ಉಳಿದವು ಅಲ್ಲೇ ಇವೆ."

ಸಹಿ ಊಟವಾದ ಮೇಲೆ ಎಂದೆ. ಕ್ಯಾಂಟೀನಿನಲ್ಲಿ ಬಡಿಸುವವರು ಅನ್ನ ಹಾಕುತ್ತ "ಚಾಲಾ?" ಎಂದರು. ನಮ್ಮ ಕಡೆ ಅಂಗಡಿ ಚಾಲು, ಮೋಟರು ಚಾಲು ಅನ್ನುವಂತೆ ಮುಂದುವರಿಸಲೇ ಎಂದು ಕೇಳುತ್ತಿದ್ದಾರೆಂದುಕೊಂಡು "ಚಾಲು, ಚಾಲು" ಎಂದೆ. ಅವರು ಸೌಟು ಹಿಂತೆಗೆದು ಹೊರಟೇಹೋದರು. ಎರಡು ಹಿಡಿ ಅನ್ನದ ಮುಂದೆ ಪೆಚ್ಚಾಗಿ ಕೂತಿದ್ದ ನನ್ನನ್ನು ನೋಡಿ ಎದುರು ಕೂತ ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದಳು.

"ಚಾಲು ಅಂದರೆ ಸಾಕು ಅಂತ ಮೇಡಂ," ಎಂದು ನಗು ತಡೆದು ಇಂಗ್ಲಿಷಿನಲ್ಲಿ ಹೇಳಿ ಅವರನ್ನು ಮತ್ತೆ ಕರೆದಳು. ಅವಳೇ ಲಾವಣ್ಯ, ಅಲ್ಲಿನ ಪ್ರೋಟೀನು ವಿಭಾಗದ ವಿಜ್ಞಾನಿ. ಅನ್ನ, ಪಪ್ಪು, ಗೋಂಗೂರ ಎಲ್ಲ ಬಂತು. ಊಟ ಮುಗಿದು ಕೈ ತೊಳೆಯುವಲ್ಲಿ ಅವಳು ಪಕ್ಕಕ್ಕೆ ಬಂದು ಮೆಲ್ಲಗೆ ಕೇಳಿದಳು.

"ಮೇಡಂ, ನಿಮ್ಮ ಹಳೆಯ ವರದಿಯ ಕೊನೆಯಲ್ಲಿ ಒಂದು ಸಾಲಿದೆ. ಹಿಡಿತ ಬಹಳ ಬಿಗಿಯಾಗಿದೆ, ಬಿಗಿಯಾದಷ್ಟೂ ಒಳ್ಳೆಯದು ಅಂತ. ಬಿಗಿಗೆ ಒಂದು ಮಿತಿ ಇಲ್ಲವೇ?"

ಆ ಸಾಲು ನನಗೆ ನೆನಪಿತ್ತು. ಅದನ್ನು ಯಾರೂ ಕೇಳಿರಲಿಲ್ಲ. ಅಳತೆಗಳನ್ನು ಕೊಟ್ಟು ನಿಲ್ಲಿಸಬಹುದಿತ್ತು. ಫಲಿತಾಂಶ ಚೆನ್ನಾಗಿ ಬಂದ ಖುಷಿಗೆ, ಎಲ್ಲ ಬಲ್ಲವಳಂತೆ ಸೇರಿಸಿದ್ದೆ. ಅಂಟದ ಪ್ರೋಟೀನು ವ್ಯರ್ಥ ಎಂದು ನಾವು ಕಲಿತ ಕಾಲದ ಮಾತು ಅದು.

ಲಾವಣ್ಯ ನನ್ನನ್ನು ತನ್ನ ಪ್ರಯೋಗಾಲಯಕ್ಕೆ ಕರೆದೊಯ್ದಳು. ಬೆಚ್ಚಗಿನ ಕಪಾಟಿನ ಕೆಳಗಿನ ಹಲಗೆಯಿಂದ ಎರಡು ಸಾಲು ಸೀಸೆಗಳನ್ನು ತೆಗೆದಳು. ವಾರಗಟ್ಟಲೆ ಬೆಚ್ಚಗಿಟ್ಟರೆ ತಂಪಿನಲ್ಲಿ ವರ್ಷಗಟ್ಟಲೆ ಆಗುವುದರ ಸುಳಿವು ಸಿಗುತ್ತದೆ. ಯಾರೂ ಹೇಳದೆ, ಯಾರಿಗೂ ಹೇಳದೆ ಅವಳು ಮಾಡಿದ್ದ ಪ್ರಯೋಗ ಅದು. ಮೊದಲ ಸಾಲು, ನನ್ನ ವರದಿಯ ಮಾತು ನಂಬಿ ಹಿಡಿತ ಸಡಿಲಿಸದೆ ಕಂಪನಿ ಮಾಡಿದ್ದ ಲಸಿಕೆಯಂತೆಯೇ. ಎರಡನೆಯದರಲ್ಲಿ ಪ್ರೋಟೀನು ಹಾಕುವ ಮೊದಲು ಜೆಲ್‌ಗೆ ಒಂದಿಷ್ಟು ಫಾಸ್ಫೇಟ್ ಸೇರಿಸಿದ್ದಳು.

ಸರಳವಾಗಿ ಹೇಳುತ್ತೇನೆ. ಈ ಜೆಲ್ ಕಣಗಳ ಮೇಲ್ಮೈಯಲ್ಲಿ ಧನ ವಿದ್ಯುತ್ತಿದೆ, ನಮ್ಮ ಪ್ರೋಟೀನಿನ ಮೈಯಲ್ಲಿ ಋಣ. ಎರಡೂ ಸೆಳೆದುಕೊಳ್ಳುತ್ತವೆ. ಫಾಸ್ಫೇಟ್ ಹೋಗಿ ಕಣದ ಮೇಲೆ ಕೂತರೆ ಆ ಸೆಳೆತ ಕಡಿಮೆಯಾಗುತ್ತದೆ. ಹೆಚ್ಚು ಹಾಕಿದರೆ ಪ್ರೋಟೀನು ಬಿಟ್ಟೇಹೋಗುತ್ತದೆ, ಹದವಾಗಿ ಹಾಕಿದರೆ ಸಡಿಲವಾಗಿ ನಿಲ್ಲುತ್ತದೆ. ಏನೂ ಹಾಕದಿದ್ದರೆ ಪ್ರೋಟೀನು ಅನೇಕ ಕಡೆ ಒಟ್ಟಿಗೆ ಕಚ್ಚಿಕೊಂಡು, ದಿನ ಕಳೆದಂತೆ ಆ ಎಳೆತಕ್ಕೇ ತನ್ನ ಮಡಿಕೆಗಳನ್ನು ಬಿಚ್ಚಿಕೊಳ್ಳುತ್ತದೆ. ಮಡಿಕೆ ಬಿಚ್ಚಿದ ಪ್ರೋಟೀನಿನಿಂದ ಮೈ ಕಲಿಯುವುದು ತಪ್ಪು ಗುರುತನ್ನು. ರೋಗಾಣು ನಿಜವಾಗಿ ಬಂದಾಗ ಅದನ್ನು ಹಿಡಿಯಲಾರದು.

ಕಣ್ಣಿಗೆ ಕಾಣದ ಬೆಳಕನ್ನು ಮೇಲೆ ಹಾಯಿಸಿದರೆ ಪ್ರೋಟೀನು ತನ್ನದೇ ಮಂಕು ಬೆಳಕು ಕೊಡುತ್ತದೆ. ಮಡಿಕೆ ಬಿಚ್ಚಿದಾಗ ಆ ಬೆಳಕಿನ ಬಣ್ಣ ಒಂದಿಷ್ಟು ಸರಿಯುತ್ತದೆ. ನಾವಿಬ್ಬರೂ ಯಂತ್ರದ ಮುಂದೆ ಕೂತು ಒಂದೊಂದೇ ಸೀಸೆ ನೋಡಿದೆವು. ಫಾಸ್ಫೇಟ್ ಇದ್ದದ್ದರ ಗೆರೆ ಇದ್ದಲ್ಲೇ ಇತ್ತು. ಇಲ್ಲದ್ದರ ಗೆರೆ ಸರಿದಿತ್ತು. ಒಂದೂ ಸೀಸೆ ಹೆಪ್ಪುಗಟ್ಟಿದ್ದಲ್ಲ.

"ಪ್ರಸಾದ್ ಅವರಿಗೆ ಹೇಳಿದ್ದೀರಾ?"

"ನನ್ನ ಮಾತು ಯಾರು ಕೇಳುತ್ತಾರೆ ಮೇಡಂ? ವರದಿಯಲ್ಲಿ ನಿಮ್ಮ ಹೆಸರಿದೆ."

ಸಂಜೆ ಸಹಿ ಹಾಕದೆ ಹೊರಟೆ. ಪ್ರಸಾದರಿಗೆ, ಉಳಿದ ಸೀಸೆಗಳನ್ನು ಅಲ್ಲೇ ಹೋಗಿ ನೋಡಬೇಕು, ಲಾವಣ್ಯ ಜೊತೆಗೆ ಬರಲಿ ಎಂದಷ್ಟೇ ಹೇಳಿದೆ. ಅವರು ಫೈಲಿನ ದಾರ ಕಟ್ಟುತ್ತ, "ನಿಮ್ಮ ಇಷ್ಟ," ಎಂದರು.

ಗಿರಿಜಾಳ ಮನೆಯಲ್ಲಿ ಚಹಾ ಕುಡಿಯುತ್ತ ಎಲ್ಲ ಹೇಳಿದೆ. ಹೇಳುತ್ತ ಹೇಳುತ್ತ ನನ್ನ ಪರ ವಾದವನ್ನೂ ಸೇರಿಸುತ್ತ ಹೋದೆ. ಅಳತೆ ಸರಿಯಾಗಿತ್ತು, ಆ ಸಾಲು ಬರೀ ಅಭಿಪ್ರಾಯ, ನಂಬಬೇಕೆಂದು ಯಾರಿಗೂ ಹೇಳಿರಲಿಲ್ಲ, ಸೀಸೆಗಳು ಹೆಪ್ಪುಗಟ್ಟಿಯೂ ಇರಬಹುದಲ್ಲ.

ಗಿರಿಜಾ ಬಿಸ್ಕತ್ತಿನ ತಟ್ಟೆ ನನ್ನ ಕಡೆ ತಳ್ಳಿದಳು. "ವಸುಧಾ, ಆ ಮನಿಷ್ಯಾನ ಹೆಸರೇನು? ಮನ್ಯಾಗ ಕುಂತಾನಲ್ಲ, ಅಂವ."

ನನಗೆ ಗೊತ್ತಿರಲಿಲ್ಲ. ಇಡೀ ದಿನ ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

"ಹಂಗಾರ ಮೊದ್ಲ ಅದನ್ನ ಕೇಳು," ಎಂದಳು.

ವಿಜಯವಾಡ

ಹಗಲಿನ ರೈಲು. ಗೋದಾವರಿಯ ಸೇತುವೆ ಬಂದಾಗ ಡಬ್ಬಿಯ ಅರ್ಧ ಜನ ಕಿಟಕಿಗೆ ಬಂದು ಕೈ ಮುಗಿದರು. ಕಾವೇರಿಯನ್ನು ದಿನಾ ನೋಡಿ ಬೆಳೆದ ನನಗೆ ನದಿ ಎಂದರೆ ಆ ದಡ ಕಾಣುವಂಥದ್ದು. ಇಲ್ಲಿ ಸೇತುವೆ ಮುಗಿಯುತ್ತಲೇ ಇರಲಿಲ್ಲ. ಲಾವಣ್ಯ ಮಾತ್ರ ಕಣ್ಣು ಮುಚ್ಚಿ ಕೂತಿದ್ದಳು. ಪ್ರಾರ್ಥನೆಯೇ ಎಂದು ಕೇಳಿದೆ. ಎತ್ತರದ ಸೇತುವೆ ಎಂದರೆ ಭಯ ಎಂದಳು. ಪ್ರಸಾದರಿಗೆ ತಿಳಿಯದಂತೆ ವಾರಗಟ್ಟಲೆ ಪ್ರಯೋಗ ಮಾಡಿದ ಹುಡುಗಿ!

ಕೋಲ್ಡ್ ಸ್ಟೋರೇಜ್ ಇದ್ದದ್ದು ವಿಜಯವಾಡದಿಂದ ಮಂಗಳಗಿರಿಗೆ ಹೋಗುವ ದಾರಿಯಲ್ಲಿ. ದೊಡ್ಡ ಕಟ್ಟಡದ ತುಂಬ ಮೆಣಸಿನಕಾಯಿ ಮೂಟೆ. ಪಕ್ಕದಲ್ಲಿ ಅಂಟಿಕೊಂಡಂತೆ ಔಷಧಿಗಳ ಸಣ್ಣ ತಂಪು ಕೋಣೆ. ಗೇಟಿನೊಳಗೆ ಕಾಲಿಟ್ಟದ್ದೇ ತಡ, ನಾವಿಬ್ಬರೂ ಸೀನಲು ಶುರುಮಾಡಿದೆವು. ಸೀನು ನಿಲ್ಲುವವರೆಗೂ ಒಬ್ಬರು ಎದುರಿಗೆ ನೀರಿನ ಬಾಟಲಿ ಹಿಡಿದು ಕಾದರು. ನಲವತ್ತರ ಆಸುಪಾಸು, ಇಸ್ತ್ರಿ ಮಾಡಿದ ಅಂಗಿ.

"ನಿಮ್ಮ ಹೆಸರು?" ಎಂದು ಮೊದಲು ಕೇಳಿದ್ದು ಅದನ್ನೇ, ಅಭ್ಯಾಸಬಲದಿಂದ ಕನ್ನಡದಲ್ಲಿ.

ಅವರ ಮುಖ ಬದಲಾಯಿತು. "ನಾಗರಾಜು ಮೇಡಂ ಗಾರು. ನೀವು ಕನ್ನಡದವರಾ? ನಮ್ಮಮ್ಮಂದು ಬಳ್ಳಾರಿ. ನಂಗೆ ಅಷ್ಟು ಚೆನ್ನಾಗಿ ರಾದು... ಬರಲ್ಲ. ಅಮ್ಮನ ಜೊತೆ ಮಾತ್ರ ಮಾತಾಡ್ತೀನಿ."

ನಮಗೆ ಬಾಗಿಲು ತೆರೆದುಕೊಡಲೆಂದು ಆ ಎರಡು ದಿನಕ್ಕೆ ಮಾತ್ರ ಮಾಲೀಕರು ಅವರನ್ನು ಕರೆಸಿದ್ದರು. ಕೋಣೆಯ ಮೇಜಿನಿಂದ ಒಂದು ನೋಟ್‌ಬುಕ್ ತೆಗೆದು ನನ್ನ ಕೈಗಿತ್ತರು. ಬ್ಯಾಟರಿ ಮುಗಿದ ಆ ಮಧ್ಯಾಹ್ನ ಅರ್ಧರ್ಧ ಗಂಟೆಗೊಮ್ಮೆ ಗೋಡೆಯ ಥರ್ಮಾಮೀಟರ್ ನೋಡಿ ಪೆನ್ಸಿಲಿನಲ್ಲಿ ಬರೆದಿದ್ದರು.

"ಇದನ್ನು ಅವರಿಗೆ ತೋರಿಸಲಿಲ್ಲವೇ?"

"ತೋರಿಸಿದೆ ಮೇಡಂ ಗಾರು. ಪೆನ್ಸಿಲಲ್ಲಿ ಯಾವಾಗ ಬೇಕಾದ್ರೂ ಬರೀಬಹುದು ಅಂದ್ರು. ಒಳಗೆ ಪೆನ್ನು ನಡೆಯಲ್ಲ. ಚಳಿಗೆ ಇಂಕು ಬರಲ್ಲ. ಅದನ್ನೂ ಹೇಳಿದೆ."

ಮಾಡಬೇಕಾದ ಪರೀಕ್ಷೆ ತೀರ ಸರಳ. ಅದೇ ಬ್ಯಾಚಿನ ಒಂದು ಸೀಸೆಯನ್ನು ಬೇಕೆಂದೇ ಹೆಪ್ಪುಗಟ್ಟಿಸಿ, ಮರುದಿನ ಕರಗಿಸಬೇಕು. ಅದನ್ನೂ ಅನುಮಾನದ ಸೀಸೆಯನ್ನೂ ಒಟ್ಟಿಗೆ ಕುಲುಕಿ, ಮೇಜಿನ ಮೇಲಿಟ್ಟು ನೋಡುತ್ತಿರಬೇಕು. ಹೆಪ್ಪುಗಟ್ಟಿದ್ದರಲ್ಲಿ ಗಂಟು ಗಂಟಾಗಿ ಬೇಗ ತಳಕ್ಕಿಳಿದು ಮೇಲೆ ತಿಳಿನೀರು ನಿಲ್ಲುತ್ತದೆ. ಹೆಪ್ಪುಗಟ್ಟದ್ದು ಮಜ್ಜಿಗೆಯಂತೆ ಬಹಳ ಹೊತ್ತು ತೇಲುತ್ತಲೇ ಇರುತ್ತದೆ. ಪ್ರಯೋಗಾಲಯ ಬೇಡ, ಯಂತ್ರ ಬೇಡ. ಯಾರಾದರೂ ಒಬ್ಬರು ಎರಡು ದಿನ ಬಂದಿದ್ದರೆ ತಿಂಗಳ ಹಿಂದೆಯೇ ಮುಗಿಯುತ್ತಿತ್ತು.

ಮೊದಲ ದಿನ ಒಂದು ಸೀಸೆಯನ್ನು ಫ್ರೀಜರಿನಲ್ಲಿಟ್ಟು ಹೊರಟೆವು. ಮರುದಿನ ಬೆಳಿಗ್ಗೆ ನಾವು ಹೋಗುವಷ್ಟರಲ್ಲಿ ನಾಗರಾಜು ಮೇಜು ಒರೆಸಿ, ಹಿಂದೆ ಕಪ್ಪು ರಟ್ಟು ನಿಲ್ಲಿಸಿ ಇಟ್ಟಿದ್ದರು. ಬಿಳಿಯದು ಚೆನ್ನಾಗಿ ಕಾಣಲಿ ಎಂದು. ನಾನು ಹಲಗೆಯ ಮುಂಭಾಗದಿಂದ ಸೀಸೆ ತೆಗೆಯಲು ಹೋದೆ.

"ಅಲ್ಲಿಂದ ಮಾತ್ರ ಬೇಡ ಮೇಡಂ ಗಾರು. ಗಾಳಿ ಬೀಸೋ ಕಡೆದೂ ತಗೋಂಡಿ, ಹಿಂದಿನ ಮೂಲೆದೂ ತಗೋಂಡಿ. ಆಮೇಲೆ ಯಾರೂ ಅದು ನೋಡಲಿಲ್ಲ ಅನ್ನಬಾರದು."

ಎಲ್ಲ ಮೂಲೆಗಳಿಂದ ತೆಗೆದೆವು. ಕುಲುಕಿದೆವು. ಇಟ್ಟೆವು. ಕೆಲವೇ ನಿಮಿಷಗಳಲ್ಲಿ ಬೇಕೆಂದು ಹೆಪ್ಪುಗಟ್ಟಿಸಿದ ಸೀಸೆಯಲ್ಲಿ ಒಡೆದ ಹಾಲಿನಂತೆ ಚೂರುಗಳು ಕಾಣಿಸಿದವು. ಅವು ಇಳಿದವು, ಮೇಲೆ ನೀರು ತಿಳಿಯಾಯಿತು. ಉಳಿದ ಸೀಸೆಗಳು ಬೆಳ್ಳಗೆ ಹಾಗೆಯೇ ನಿಂತಿದ್ದವು. ಅರ್ಧ ಗಂಟೆಯಾದರೂ ಹಾಗೆಯೇ. ಲಾವಣ್ಯ ಫೋಟೊ ತೆಗೆದಳು. ನಾಗರಾಜು ಬಗ್ಗಿ, ಕಣ್ಣನ್ನು ಮೇಜಿನ ಮಟ್ಟಕ್ಕೆ ತಂದು ಒಂದೊಂದನ್ನೂ ನೋಡಿದರು. ಆಮೇಲೆ ಹೊರಗೆ ಹೋಗಿ ಮೆಣಸಿನಕಾಯಿ ಮೂಟೆಗಳ ಕಡೆ ಮುಖ ಮಾಡಿ ನಿಂತರು. ಬಹಳ ಹೊತ್ತು ನಿಂತರು. ಸೀನಲಿಲ್ಲ, ಅವರಿಗೆ ಅಭ್ಯಾಸವಾಗಿತ್ತು. ಆದರೂ ಕಣ್ಣು ಒರೆಸಿಕೊಂಡರು.

ನನಗೆ ಆ ಗಳಿಗೆಯಲ್ಲಿ ಸಂತೋಷವಾಯಿತು ಎಂದರೆ ಸುಳ್ಳಾಗುತ್ತದೆ. ಹೆಪ್ಪುಗಟ್ಟಿದ್ದಿದ್ದರೆ ಎಂದು ಮನಸ್ಸಿನ ಒಂದು ಮೂಲೆ ಕೊನೆಯವರೆಗೂ ಕಾಯುತ್ತಿತ್ತು. ಆ ಸೀಸೆಗಳು ತೇಲುತ್ತ ನಿಂತಷ್ಟೂ ಹೊತ್ತು ನನ್ನ ಸಾಲು ತಪ್ಪಾಗುತ್ತ ಹೋಯಿತು.

ಅಲ್ಲೇ ಕೂತು ವರದಿ ಬರೆದೆ. ಸೀಸೆಗಳು ಹೆಪ್ಪುಗಟ್ಟಿಲ್ಲ. ಪ್ರೋಟೀನು ಕೆಟ್ಟದ್ದು ಜೆಲ್ ಮೇಲಿನ ಅತಿ ಬಿಗಿ ಹಿಡಿತದಿಂದ ಎಂಬುದಕ್ಕೆ ಲಾವಣ್ಯರ ಪ್ರಯೋಗ ಸಾಕ್ಷಿ. ನನ್ನ ಹಿಂದಿನ ವರದಿಯ ಕೊನೆಯ ಸಾಲು ತಪ್ಪು, ಅದನ್ನು ಹಿಂತೆಗೆದುಕೊಳ್ಳುತ್ತೇನೆ. ಈ ಕೊನೆಯದನ್ನು ಬರೆಯುವಾಗ "ಪೂರ್ಣವಲ್ಲ" ಎಂಬ ಪದ ಒಮ್ಮೆ ಬಂತು, "ಮರುಪರಿಶೀಲನೆ ಅಗತ್ಯ" ಎಂಬುದೂ ಒಮ್ಮೆ ಬಂತು. ಎರಡನ್ನೂ ಅಳಿಸಿ ತಪ್ಪು ಎಂದೇ ಬರೆದು ಕಳಿಸಿದೆ.

ಮಂಗಳಗಿರಿ

"ಅಮ್ಮ ನಿಮ್ಮನ್ನ ನೋಡ್ಬೇಕಂತೆ," ಎಂದರು ನಾಗರಾಜು. ಅವರ ಮನೆ ಮಂಗಳಗಿರಿಯ ನೇಕಾರರ ಬೀದಿಯಲ್ಲಿ. ಬೀದಿಯುದ್ದಕ್ಕೂ ಮನೆಗಳೊಳಗಿಂದ ಮಗ್ಗದ ಸದ್ದು. ಒಂದು ನಿಂತರೆ ಇನ್ನೊಂದು. ಕಿವಿಗೆ ಒಗ್ಗಿದ ಮೇಲೆ ಅದು ಇರುವುದೇ ತಿಳಿಯುವುದಿಲ್ಲ, ನಿಂತಾಗ ಮಾತ್ರ ತಿಳಿಯುತ್ತದೆ.

ಅವರ ತಾಯಿ ಸಾವಿತ್ರಮ್ಮ ಮದುವೆಯಾಗಿ ಬಳ್ಳಾರಿಯಿಂದ ಬಂದವರು. ನನ್ನ ಕೈ ಹಿಡಿದು ಒಳಗೆ ಕರೆದೊಯ್ದು, ಬಿಡದೆ ಹಾಗೆಯೇ ಹಿಡಿದು ಕೂತರು.

"ಮಾತಾಡವ್ವಾ, ಏನಾರ ಮಾತಾಡು. ಈ ಮನಿಯಾಗ ಕನ್ನಡ ಅಂದ್ರ ನಾನೊಬ್ಬಾಕಿ. ಇವಂಗೆ ಬರ್ತೈತಿ, ಅರ್ಧ. ಸೊಸಿಗೆ ಬರಂಗಿಲ್ಲ."

ನಾನು ಅಲ್ಯೂಮಿನಿಯಂ ಜೆಲ್ ವಿಷಯ ಹೇಳಲು ಹೋಗಿ ಪಟಿಕದಿಂದ ಶುರುಮಾಡಿದೆ. ಅವರು ತಲೆಯಾಡಿಸಿದರು. ಅವರ ಮಾವನವರ ಕಾಲದಲ್ಲಿ ನೂಲಿಗೆ ಬೇರಿನ ಬಣ್ಣ ಕಟ್ಟುವ ಮೊದಲು ಪಟಿಕದ ನೀರಿನಲ್ಲಿ ಅದ್ದುತ್ತಿದ್ದರಂತೆ, ಬಣ್ಣ ಹಿಡಿಯಲಿ ಎಂದು.

"ಜಾಸ್ತಿ ಆತು ಅಂದ್ರ ನೂಲು ಬಿರುಸಾಗಿ ಮಗ್ಗದಾಗ ಪಟಪಟ ಹರೀತಿತ್ತು. ನಮ್ಮ ಮಾವ ನಾಲಿಗಿಗೆ ಹಚ್ಚಿ ನೋಡಿ ಹಾಕ್ತಿದ್ರು. ನಿಮ್ಮ ಕಂಪನಿಯಾಗ ನಾಲಿಗಿಗೆ ಹಚ್ಚೋರು ಯಾರೂ ಇಲ್ಲೇನು?"

ಲಾವಣ್ಯಳಿಗೆ ಇಂಗ್ಲಿಷಿನಲ್ಲಿ ಹೇಳಿದೆ. ಅವಳು ನಕ್ಕಳು. ನಾಗರಾಜು ನಕ್ಕರು. ಬಾಗಿಲ ಬಳಿ ನಿಂತಿದ್ದ ನಾಗರಾಜುವಿನ ಹೆಂಡತಿ ಮಾತ್ರ ನಗಲಿಲ್ಲ. ನಾವು ಬಂದಾಗಿನಿಂದ ಅವರು ಒಂದು ಮಾತೂ ಆಡಿರಲಿಲ್ಲ. ನಾವು ಕಂಪನಿಯ ಕಡೆಯವರು. ಅವರ ಗಂಡ ತಿಂಗಳಿನಿಂದ ಬೀದಿಯವರ ಕಣ್ಣು ತಪ್ಪಿಸಿ ಓಡಾಡುತ್ತಿದ್ದರು.

ಸಾವಿತ್ರಮ್ಮ ನನ್ನ ಮೊಣಕೈ ತಟ್ಟಿದರು. "ನೀ ಏನೋ ಬರದು ಕಳಿಸೀಯಂತಲ್ಲ. ಇಂಗ್ಲೀಷಿಂದು ನನಗ ತಿಳಿಯಂಗಿಲ್ಲ. ನಾ ಬಳ್ಳಾರಿಯಾಗ ಏಳ್ನೇ ಇಯತ್ತೆ ತನ ಓದೀನಿ. ಕನ್ನಡದಾಗ ಬರದು ಕೊಡು, ನಾನೇ ಓದ್ತೀನಿ."

ಕಾಗದ ಬಂತು. ಅಂಥ ವರದಿಯನ್ನು ನಾನು ಎಂದೂ ಕನ್ನಡದಲ್ಲಿ ಬರೆದಿರಲಿಲ್ಲ. ಎರಡೇ ವಾಕ್ಯ ಬರೆದೆ. "ನಿಮ್ಮ ಮಗ ಕಾದಿಟ್ಟ ಔಷಧಿ ಹೆಪ್ಪುಗಟ್ಟಿರಲಿಲ್ಲ, ಅವರು ಸರಿಯಾಗಿ ನೋಡಿಕೊಂಡಿದ್ದಾರೆ. ತಪ್ಪು ನಾನು ಬರೆದ ಸಾಲಿನದು."

ಅವರು ಕನ್ನಡಕ ಹಾಕಿ, ಬೆರಳಿಟ್ಟು, ಅಕ್ಷರ ಅಕ್ಷರ ಕೂಡಿಸಿ ಮೆಲ್ಲಗೆ ತಮಗೆ ತಾವೇ ಎರಡನ್ನೂ ಓದಿಕೊಂಡರು. ಆಮೇಲೆ ಸೊಸೆಯ ಕಡೆ ತಿರುಗಿ ಗಟ್ಟಿಯಾಗಿ ತೆಲುಗಿನಲ್ಲಿ ಹೇಳಿದರು. ಮೊದಲನೆಯದನ್ನು ಮಾತ್ರ. ಎರಡನೆಯದು ಬಂದಾಗ ಕಾಗದ ಮಡಿಚಿ ಮಡಿಲಲ್ಲಿ ಇಟ್ಟುಕೊಂಡರು.

"ಇನ್ನೊಂದು ಇದೆಯಲ್ಲಮ್ಮಾ," ಎಂದೆ.

"ಅದ್ಯಾಕ ಬಿಡವ್ವಾ. ಮನಿಗೆ ಬಂದಾಕಿ ನೀನು."

ಆಗ ಬಾಗಿಲಿನಿಂದ ಮೊದಲ ಮಾತು ಬಂತು. "ಮರಿ ಆಯನ ಉದ್ಯೋಗಂ?" ಹಾಗಾದರೆ ಅವರ ಕೆಲಸ? ಅದಕ್ಕೆ ಅನುವಾದ ಬೇಕಾಗಲಿಲ್ಲ.

ವರದಿ ಕಳಿಸಿದ್ದೇನೆ ಎಂದು ಹೇಳಬಹುದಿತ್ತು. ಅದು ಉತ್ತರವಲ್ಲ ಎಂದು ಅವರ ಮುಖ ನೋಡಿದರೆ ಗೊತ್ತಾಗುತ್ತಿತ್ತು. ಅಲ್ಲೇ ಕೂತು ಪ್ರಸಾದರಿಗೆ ಫೋನು ಮಾಡಿದೆ, ಎಲ್ಲರಿಗೂ ಕೇಳುವಂತೆ.

"ಓದಿದೆ," ಎಂದರು ಅವರು. ದನಿ ಮೃದುವಾಗಿಯೇ ಇತ್ತು. "ಮೇಡಂ ಗಾರು, ಕಾರಣ ಎಂಬ ಅಂಕಣದಲ್ಲಿ ನಾನು ಏನಾದರೂ ಬರೆಯಲೇಬೇಕು. ಕೋಲ್ಡ್ ಸ್ಟೋರೇಜ್ ಅಲ್ಲದಿದ್ದರೆ ಯಾರು?"

"ನನ್ನ ಹೆಸರು ಬರೆಯಿರಿ."

"ಇದರ ನಂತರ ನಮ್ಮ ಕೆಲಸ ನಿಮ್ಮ ಪ್ರಯೋಗಾಲಯಕ್ಕೆ ಬರುವುದು ಕಷ್ಟ. ಯೋಚಿಸಿದ್ದೀರಾ?"

"ಯೋಚಿಸಿದ್ದೇನೆ. ನಾಗರಾಜು ಅವರ ಮಾಲೀಕರಿಗೆ ಪತ್ರ ಯಾವಾಗ ಹೋಗುತ್ತದೆ?"

"ಸೋಮವಾರ," ಎಂದರು. ಆಮೇಲೆ, ನಾನು ನಿರೀಕ್ಷಿಸದಿದ್ದ ಒಂದು ಮಾತು: "ಆ ಪೆನ್ಸಿಲಿನ ನೋಟ್‌ಬುಕ್ ಜೋಪಾನವಾಗಿಡಲು ಹೇಳಿ. ಅದನ್ನು ನಾನು ಸರಿಯಾಗಿ ನೋಡಬೇಕಿತ್ತು."

ಮುಂದೇನಾಯಿತೆಂದು ಇಲ್ಲೇ ಹೇಳಿಬಿಡುತ್ತೇನೆ. ಪತ್ರ ಸೋಮವಾರವಲ್ಲ, ಬುಧವಾರ ಬಂತು. ನಾಗರಾಜು ಗುರುವಾರ ಕೆಲಸಕ್ಕೆ ಹೋದರು. ಲಾವಣ್ಯಳಿಗೆ ಫಾಸ್ಫೇಟ್ ಪ್ರಯೋಗವನ್ನು ಮೊದಲಿನಿಂದ ಮಾಡಲು ಒಪ್ಪಿಗೆ ಸಿಕ್ಕಿತು, ಈ ಸಲ ಕಪಾಟಿನ ಮೇಲಿನ ಹಲಗೆಯಲ್ಲಿ. ಲಸಿಕೆ ಜನರನ್ನು ಮುಟ್ಟಲು ಇನ್ನೂ ವರ್ಷಗಳು ಬೇಕು, ಮುಟ್ಟದೆಯೂ ಹೋಗಬಹುದು. ಆ ಕಂಪನಿಯಿಂದ ನಮಗೆ ಮತ್ತೆ ಮಾದರಿಗಳು ಬಂದಿಲ್ಲ. ಪ್ರಯೋಗಾಲಯದ ನಮ್ಮ ಮುಖ್ಯಸ್ಥರು ನನ್ನೊಂದಿಗೆ ಒಂದು ವಾರ ಮಾತಾಡಲಿಲ್ಲ. ಆಮೇಲೆ ಮಾತಾಡಿದರು. ಈಗ ನನ್ನ ವರದಿಗಳು ಅಳತೆ ಮುಗಿದಲ್ಲಿಗೆ ಮುಗಿಯುತ್ತವೆ.

ಆದರೆ ಆ ಮಧ್ಯಾಹ್ನ ಮಂಗಳಗಿರಿಯಲ್ಲಿ ಇದು ಯಾವುದೂ ಗೊತ್ತಿರಲಿಲ್ಲ. ಫೋನು ಇಟ್ಟೆ. ನಾಗರಾಜು ಹೆಂಡತಿಗೆ ಸೋಮವಾರ ಎಂದು ಮತ್ತೊಮ್ಮೆ ಹೇಳಿದರು. ಆಕೆ ಬಾಗಿಲು ಬಿಟ್ಟು ಒಳಗೆ ಬಂದು ಅತ್ತೆಯ ಪಕ್ಕದಲ್ಲಿ ಕೂತು, ಮಡಿಲಿನ ಕಾಗದ ಎತ್ತಿ ಬಿಡಿಸಿದರು. ಕನ್ನಡ ಬಾರದಿದ್ದರೂ ಅಕ್ಷರಗಳು ತೆಲುಗಿನವುಗಳ ಹಾಗೇ ಕಂಡಿರಬೇಕು. ಎರಡನೆಯ ಸಾಲಿನ ಮೊದಲ ಪದದ ಮೇಲೆ ಬೆರಳಿಟ್ಟರು.

"ಅತ್ತಯ್ಯಾ, ಇಕ್ಕಡ ತಪ್ಪು ಅನಿ ಉಂದಿ ಕದಾ. ಅದಿ ಚದವಲೇದು ಮೀರು." ಇಲ್ಲಿ ತಪ್ಪು ಅಂತ ಇದೆಯಲ್ಲ, ಅದನ್ನು ನೀವು ಓದಲಿಲ್ಲ.

ಸಾವಿತ್ರಮ್ಮ ನನ್ನ ಮುಖ ನೋಡಿದರು. ಓದಿ ಎಂದು ತಲೆಯಾಡಿಸಿದೆ. ಅವರು ಕನ್ನಡಕ ಸರಿಮಾಡಿಕೊಂಡು, ಒಂದೊಂದೇ ಪದವನ್ನು ಈ ಕಡೆಯಿಂದ ಆ ಕಡೆಗೆ ಎತ್ತಿಡುತ್ತ, ನಿಧಾನವಾಗಿ ಹೇಳಿದರು: "ತಪ್ಪು... ನೇನು ರಾಸಿನ... ವಾಕ್ಯಾನಿದಿ."

ಸೊಸೆ ಅದನ್ನು ಪೂರ್ತಿ ಕೇಳಿಸಿಕೊಂಡರು. ನಂತರ ನನ್ನ ಕಡೆ ತಿರುಗಿ, ಬಂದಾಗಿನಿಂದ ಮೊದಲ ಸಲ, ನನ್ನ ಕಣ್ಣಲ್ಲಿ ಕಣ್ಣಿಟ್ಟು ನೋಡಿದರು.